ಮರಳುಗಾಡಿನ ಕಡಲು

'ಮರು' ಎಂಬ ಸಂಸ್ಕೃತ ಶಬ್ದವು ಸಾವನ್ನು ಸೂಚಿಸುವ ಧಾತುವಿನಿಂದ ಹುಟ್ಟಿದುದೆಂದು ಪಂಡಿತರು ಹೇಳುವುದುಂಟು. ಮರುಭೂಮಿಯೆಂದರೆ ಸತ್ತ ನೆಲ. ಅಲ್ಲಿ ಕಳೆದುಕೊಳ್ಳುವುದಕ್ಕೆ ಏನೂ ಇಲ್ಲವೆಂಬ ಭಾವನೆ ಆ ಶಬ್ದದ ಬೆನ್ನಿಗೇ ಅಂಟಿಕೊಂಡು ಬಂದಿದೆ. ಕಾಡು ಕಡಿದರೆ ಮರುಗುವವರಿದ್ದಾರೆ; ಹೊಳೆಗೆ ವಿಷ ಬೆರೆತರೆ ಕೂಗೆಬ್ಬಿಸುವವರಿದ್ದಾರೆ. ಮರಳುಗಾಡಿನ ಅಂಚಿನಲ್ಲಿರುವ ಕಡಲಿಗೆ ಕೊಳಚೆ ಹರಿದರೆ ಮಾತ್ರ ಲೋಕ ಅಷ್ಟಾಗಿ ತಿರುಗಿ ನೋಡುವುದಿಲ್ಲ. ಇತ್ತ ಮರಳು, ಅತ್ತ ಉಪ್ಪುನೀರು, ನಡುವೆ ಕೆಡುವಂಥದೇನಿದೆ ಎಂದು ಕೇಳುವವರೇ ಹೆಚ್ಚು. ಈ ಪ್ರಶ್ನೆಯಲ್ಲಿ ಉದಾಸೀನಕ್ಕಿಂತ ಅಜ್ಞಾನವೇ ಹೆಚ್ಚಾಗಿದೆ. ಮರಳುಗಾಡು ಸುತ್ತುವರಿದ ಕಡಲೂ ಜೀವಂತ ಕಡಲೇ. ಬೇರೆ ಕಡಲುಗಳಿಗಿಂತ ಅದು ಹೆಚ್ಚು ಕಷ್ಟಪಟ್ಟು ಬದುಕಿದೆ. ಆದ್ದರಿಂದಲೇ ಬೇಗ ನೋಯುತ್ತದೆ. ಪರ್ಷಿಯಾ ಕೊಲ್ಲಿಯನ್ನು ಕಂಡರೆ ಈ ಮಾತಿನ ನಿಜ ತಿಳಿಯುತ್ತದೆ.

ಕನ್ನಡ ನಾಡಿನ ಕರಾವಳಿಗೆ ಅಲೆಯಾಗಿ ಬಡಿಯುವ ಅರಬ್ಬೀ ಸಮುದ್ರವೇ ವಾಯವ್ಯಕ್ಕೆ ಸಾಗಿ, ಓಮಾನ್ ಕೊಲ್ಲಿಯನ್ನು ದಾಟಿ, ಹಾರ್ಮುಜ್ ಎಂಬ ಇಕ್ಕಟ್ಟಾದ ಜಲಸಂಧಿಯ ಮೂಲಕ ಒಳನುಗ್ಗಿ ಪರ್ಷಿಯಾ ಕೊಲ್ಲಿಯಾಗುತ್ತದೆ. ಒಂದು ದಡದಲ್ಲಿ ಇರಾನ್. ಇನ್ನೊಂದು ದಡದ ಉದ್ದಕ್ಕೂ ಇರಾಕ್, ಕುವೈತ್, ಸೌದಿ ಅರೇಬಿಯ, ಬಹರೇನ್, ಕತಾರ್, ಸಂಯುಕ್ತ ಅರಬ್ ಸಂಸ್ಥಾನ ಮತ್ತು ಓಮಾನಿನ ಒಂದು ತುದಿ. ಕೊಲ್ಲಿಯ ಉದ್ದ ಸುಮಾರು 1000 ಕಿಲೋಮೀಟರ್. ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ. ಮಹಾಸಾಗರಗಳ ಆಳವನ್ನು ಕಿಲೋಮೀಟರುಗಳಲ್ಲಿ ಅಳೆಯುವಾಗ ಇದು ಕಡಲಲ್ಲ, ಕಡಲನ್ನು ಹರವಿಟ್ಟ ತಟ್ಟೆ ಎನ್ನಬೇಕು. ಆ ತಟ್ಟೆಯ ಮೇಲೆ ಬೇಸಗೆಯ ಸೂರ್ಯನು ಉರಿಯುತ್ತಾನೆ. ಮಳೆ ಹೆಸರಿಗೆ ಮಾತ್ರ. ಟೈಗ್ರಿಸ್, ಯೂಫ್ರೆಟಿಸ್ ನದಿಗಳು ಒಂದುಗೂಡಿ ಷತ್ ಅಲ್ ಅರಬ್ ಎಂಬ ಹೆಸರಿನಿಂದ ಉತ್ತರದ ತುದಿಯಲ್ಲಿ ಸೇರುವುದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಹೊಳೆಗಳು ಬಹಳ ಕಡಮೆ. ಆಕಾಶಕ್ಕೆ ಹೋಗುವ ನೀರು ಬಹಳ, ನೆಲದಿಂದ ಬರುವ ನೀರು ಸ್ವಲ್ಪ. ಹೀಗಾಗಿ ತೆರೆದ ಸಾಗರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದರೆ ಇಲ್ಲಿ ಅದು 40 ಗ್ರಾಮನ್ನು ಮೀರುತ್ತದೆ. ಸೌದಿ ಅರೇಬಿಯಕ್ಕೂ ಕತಾರಿಗೂ ನಡುವಣ ಸಲ್ವಾ ಎಂಬ ಮೂಲೆಯಲ್ಲಿ 55 ಗ್ರಾಮನ್ನೂ ದಾಟುವುದುಂಟು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸಾಗರದ ಹೊಸ ನೀರು ಹಾರ್ಮುಜ್ ಮೂಲಕ ಮೇಲ್ಪದರದಲ್ಲಿ ಒಳಬರುತ್ತದೆ. ಉಪ್ಪೇರಿ ಭಾರವಾದ ಹಳೆಯ ನೀರು ತಳವನ್ನು ಹಿಡಿದು ಅದೇ ಬಾಗಿಲಿನಿಂದ ಹೊರಹೋಗುತ್ತದೆ. ಆ ಬಾಗಿಲು ಅತ್ಯಂತ ಇಕ್ಕಟ್ಟಾದ ಕಡೆ ಸುಮಾರು 40 ಕಿಲೋಮೀಟರ್ ಅಗಲ. ಕೊಲ್ಲಿಯ ನೀರೆಲ್ಲ ಒಮ್ಮೆ ಬದಲಾಗಲು ಎರಡರಿಂದ ಐದು ವರ್ಷ ಹಿಡಿಯುತ್ತದೆಂದು ಶಾಸ್ತ್ರಜ್ಞರ ಲೆಕ್ಕ. ಒಂದೇ ಬಾಗಿಲಿನ ಕೋಣೆಯಲ್ಲಿ ಒಲೆ ಹೊತ್ತಿಸಿದರೆ ಹೊಗೆ ಎಷ್ಟು ಹೊತ್ತು ನಿಲ್ಲುವುದೋ ಹಾಗೆ, ಈ ಕೊಲ್ಲಿಗೆ ಸುರಿದ ಕೊಳಕು ಬೇಗ ಹೊರಹೋಗುವಂತಿಲ್ಲ.

ಇಂಥ ಬಿಸಿಯಲ್ಲಿ, ಇಂಥ ಉಪ್ಪಿನಲ್ಲಿ ಬದುಕುವ ಜೀವಿಗಳ ಸಾಹಸ ಬೆರಗು ಹುಟ್ಟಿಸುವಂಥದು. ಬೇರೆಡೆಯ ಹವಳಗಳು 30 ಡಿಗ್ರಿಯ ಆಸುಪಾಸಿನಲ್ಲಿ ಬಿಸಿನೀರನ್ನು ತಾಳಲಾರದೆ ಬಿಳಿಚಿಕೊಳ್ಳುತ್ತವೆ. ಇಲ್ಲಿಯ ಹವಳಗಳು ಬೇಸಗೆಯಲ್ಲಿ 34, 35 ಡಿಗ್ರಿಯನ್ನೂ ಸಹಿಸಿಕೊಂಡಿವೆ. ದಡದ ಸಮೀಪ ಆಳವಿಲ್ಲದ ನೀರಿನಲ್ಲಿ ಕಡಲ ಹುಲ್ಲಿನ ಬಯಲುಗಳಿವೆ. ಆ ಹುಲ್ಲನ್ನು ಮೇಯುವ ಡ್ಯುಗಾಂಗ್ ಎಂಬ ಸಾಧು ಪ್ರಾಣಿಯನ್ನು 'ಕಡಲ ಹಸು' ಎನ್ನುವುದು ಒಪ್ಪುವ ಮಾತು. ಜಗತ್ತಿನಲ್ಲಿ ಆಸ್ಟ್ರೇಲಿಯವನ್ನು ಬಿಟ್ಟರೆ ಈ ಕಡಲ ಹಸುಗಳು ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಪರ್ಷಿಯಾ ಕೊಲ್ಲಿಯಲ್ಲಿಯೇ. 1986ರಲ್ಲಿ ವಿಮಾನದಿಂದ ಸಮೀಕ್ಷೆ ನಡೆಸಿದವರು ಬಹರೇನ್ ಮತ್ತು ಕತಾರುಗಳ ನಡುವೆ 600ಕ್ಕೂ ಮಿಕ್ಕ ಡ್ಯುಗಾಂಗುಗಳ ಒಂದೇ ಹಿಂಡನ್ನು ಕಂಡರು. ಸತ್ತ ನೆಲದ ಅಂಚಿನಲ್ಲಿ ಏನಿದೆ ಎಂದು ಕೇಳುವವರಿಗೆ ಆ ಹಿಂಡೇ ಉತ್ತರ. ಅಬುಧಾಬಿಯ ದಡದಲ್ಲಿ ಕಾಂಡ್ಲಾ ಗಿಡಗಳ ಹಸುರು ತೋಪುಗಳೂ ಉಂಟು. ಕುಂದಾಪುರ, ಕಾರವಾರಗಳ ಅಳಿವೆಯನ್ನು ನೋಡಿದವರಿಗೆ ಅವು ಅಪರಿಚಿತವಾಗಿ ತೋರಲಾರವು.

ಈ ದಡದ ಮನುಷ್ಯರು ನೂರಾರು ವರ್ಷ ಕಡಲನ್ನೇ ನಂಬಿ ಬಾಳಿದರು. ಭಾರತದ ಚಿನಿವಾರರು 'ಬಸರಾ ಮುತ್ತು' ಎಂದು ಕೊಂಡಾಡುತ್ತಿದ್ದುದು ಈ ಕೊಲ್ಲಿಯ ಮುತ್ತನ್ನೇ. ಅದಕ್ಕೆ ಮುಂಬಯಿ ದೊಡ್ಡ ಮಾರುಕಟ್ಟೆಯಾಗಿತ್ತು. 20ನೆಯ ಶತಮಾನದ ಆರಂಭದಲ್ಲಿ ಬಹರೇನ್ ಒಂದರಿಂದಲೇ ಸುಮಾರು 900 ದೋಣಿಗಳು ಬೇಸಗೆಯ ತಿಂಗಳುಗಳಲ್ಲಿ ಮುತ್ತಿನ ಚಿಪ್ಪಿಗಾಗಿ ಕಡಲಿಗಿಳಿಯುತ್ತಿದ್ದವು. ಮುಳುಗುವವನು ಮೂಗಿಗೆ ಚಿಮಟಿಗೆ ಸಿಕ್ಕಿಸಿಕೊಂಡು, ಕಾಲಿಗೆ ಕಲ್ಲಿನ ಭಾರ ಕಟ್ಟಿಕೊಂಡು, ಕೊರಳಿಗೆ ಬುಟ್ಟಿ ಇಳಿಬಿಟ್ಟು ತಳಕ್ಕೆ ಹೋಗುತ್ತಿದ್ದನು. ಉಸಿರು ಹಿಡಿದಷ್ಟು ಹೊತ್ತು ಚಿಪ್ಪು ಆಯುತ್ತಿದ್ದನು. ಹಗ್ಗ ಅಲುಗಿಸಿದರೆ ದೋಣಿಯ ಮೇಲಿದ್ದವನು ಎಳೆದುಕೊಳ್ಳುತ್ತಿದ್ದನು. ಆ ಬಾಳನ್ನು ಹೊಗಳಿ ಹಾಡುವ ಅಗತ್ಯವಿಲ್ಲ. ನಖುದಾ ಎಂಬ ದೋಣಿಯ ಒಡೆಯನಿಂದ ಮುಂಗಡ ಪಡೆದ ಮುಳುಗುಗಾರನು ಸಾಲದಲ್ಲೇ ಮುದುಕನಾಗುತ್ತಿದ್ದನು. ಸತ್ತರೆ ಸಾಲ ಮಗನ ತಲೆಗೆ ಬರುವುದೂ ಇತ್ತು. ಆದರೆ ಅವನಿಗೆ ಕಡಲಿನ ತಳದ ಪರಿಚಯ ಮನೆಯಂಗಳದ ಪರಿಚಯದಂತಿತ್ತು.

ಆ ಪರಿಚಯಕ್ಕೆ ಒಂದು ನಿದರ್ಶನ ಉಂಟು. ಬಹರೇನಿನ ಸುತ್ತ ಕಡಲಿನ ತಳದಿಂದಲೇ ಸಿಹಿನೀರಿನ ಬುಗ್ಗೆಗಳು ಉಕ್ಕುತ್ತಿದ್ದವು. ಅರೇಬಿಯದ ನೆಲದಡಿಯಲ್ಲಿ ಹರಿದು ಬಂದ ಪುರಾತನ ಜಲವು ಅಲ್ಲಿ ಬಾಯಿ ತೆರೆಯುತ್ತಿತ್ತು. ಕುಡಿಯುವ ನೀರು ಮುಗಿದಾಗ ಮುಳುಗುಗಾರರು ತೊಗಲಿನ ಚೀಲವನ್ನು ಹಿಡಿದು ಕೆಳಗಿಳಿದು, ಬುಗ್ಗೆಯ ಬಾಯಿಗೆ ಒಡ್ಡಿ, ತುಂಬಿದ ಮೇಲೆ ಬಿಗಿಯಾಗಿ ಮುಚ್ಚಿ ಮೇಲೆ ತರುತ್ತಿದ್ದರು. ಸುತ್ತ ಉಪ್ಪಿನ ಸಾಗರ, ಚೀಲದೊಳಗೆ ಸಿಹಿನೀರು! 'ಬಹರೇನ್' ಎಂದರೆ ಅರಬ್ಬೀ ಭಾಷೆಯಲ್ಲಿ 'ಎರಡು ಕಡಲು' ಎಂದರ್ಥ. ಒಂದು ಉಪ್ಪಿನದು, ಇನ್ನೊಂದು ಸಿಹಿಯದು ಎಂದು ಕೆಲವರು ಈ ಹೆಸರನ್ನು ವಿವರಿಸುವುದುಂಟು. ದ್ವೀಪದ ಒಳಗೂ ಊಟೆಗಳಿದ್ದವು. ಅವುಗಳಲ್ಲಿ ಅಧಾರಿ ಎಂಬ ಊಟೆ ಪ್ರಸಿದ್ಧವಾದುದು. ಅದರ ನೀರು ಕಾಲುವೆಯಲ್ಲಿ ದೂರದ ತೋಟಗಳಿಗೆ ಹರಿದುಹೋಗುತ್ತಿದ್ದುದರಿಂದ, 'ಅಧಾರಿ ದೂರದವರಿಗೆ ನೀರುಣಿಸುತ್ತದೆ, ಹತ್ತಿರದವರನ್ನು ಮರೆಯುತ್ತದೆ' ಎಂಬ ಗಾದೆಯೇ ಅಲ್ಲಿ ಹುಟ್ಟಿತು.

1930ರ ದಶಕದಲ್ಲಿ ಈ ಬಾಳು ಮುರಿದುಬಿತ್ತು. ಜಪಾನಿನವರು ಚಿಪ್ಪಿನಲ್ಲಿ ಮುತ್ತನ್ನು ಬೆಳೆಸುವ ಕಲೆಯನ್ನು ಸಾಧಿಸಿ ಅಗ್ಗದ ಮುತ್ತನ್ನು ಮಾರುಕಟ್ಟೆಗೆ ತಂದರು. 1929ರ ಆರ್ಥಿಕ ಮುಗ್ಗಟ್ಟು ಕೊಳ್ಳುವವರನ್ನೂ ಕಿತ್ತುಕೊಂಡಿತು. ಅದೇ ಹೊತ್ತಿಗೆ, 1932ರಲ್ಲಿ, ಬಹರೇನಿನಲ್ಲಿ ಕಲ್ಲೆಣ್ಣೆ ಉಕ್ಕಿತು. 1938ರಲ್ಲಿ ಸೌದಿ ಅರೇಬಿಯದಲ್ಲೂ ಕುವೈತಿನಲ್ಲೂ ದೊರೆಯಿತು. ಮುಂದಿನ 50 ವರ್ಷಗಳಲ್ಲಿ ಮೀನುಗಾರರ ಹಳ್ಳಿಗಳಿದ್ದ ಕಡೆ ಮಹಾನಗರಗಳು ಎದ್ದವು. ಆಳವಾದ ಕೊಳವೆಬಾವಿಗಳಿಂದ ನೆಲದಡಿಯ ನೀರನ್ನು ಹೀರತೊಡಗಿದ ಮೇಲೆ ಊಟೆಗಳ ಉಸಿರು ನಿಂತಿತು. ಅಧಾರಿಯ ಸಹಜವಾದ ಹರಿವು ಬತ್ತಿಹೋಯಿತು. ಕಡಲ ತಳದ ಬುಗ್ಗೆಗಳೂ ಒಂದೊಂದಾಗಿ ಮೌನವಾದವು. ಆ ಗಾದೆ ಮಾತ್ರ ಉಳಿದಿದೆ.

ಎಣ್ಣೆಯಿಂದ ಕಡಲಿಗೆ ಒದಗಿದ ಕೇಡು ಲೋಕಕ್ಕೆ ತಿಳಿದುದು ಯುದ್ಧಗಳ ಕಾಲದಲ್ಲಿ. ಇರಾನ್ ಮತ್ತು ಇರಾಕ್ ದೇಶಗಳ ಯುದ್ಧ ನಡೆಯುತ್ತಿದ್ದಾಗ, 1983ರಲ್ಲಿ, ನೌರೂಜ್ ಎಂಬಲ್ಲಿ ಕಡಲೊಳಗಿನ ಎಣ್ಣೆಬಾವಿಗಳು ಒಡೆದವು. ಗುಂಡಿನ ಮಳೆಯಲ್ಲಿ ತಿಂಗಳುಗಟ್ಟಲೆ ಅವುಗಳ ಬಾಯಿ ಮುಚ್ಚಲಾಗಲಿಲ್ಲ. ಆ ವರ್ಷ ಹತ್ತಾರು ಡ್ಯುಗಾಂಗುಗಳ ಹೆಣಗಳು ದಡಕ್ಕೆ ಬಂದವು. ಎಂಟು ವರ್ಷದ ಬಳಿಕ, 1991ರ ಜನವರಿಯಲ್ಲಿ, ಕುವೈತನ್ನು ಆಕ್ರಮಿಸಿದ್ದ ಇರಾಕಿನ ಸೇನೆಯು ಎಣ್ಣೆಯನ್ನು ಬೇಕೆಂದೇ ಕಡಲಿಗೆ ಬಿಟ್ಟಿತು. ಅದರ ಪ್ರಮಾಣವನ್ನು 40 ಲಕ್ಷ ಬ್ಯಾರೆಲ್ ಎಂದು ಕೆಲವರೂ 110 ಲಕ್ಷ ಬ್ಯಾರೆಲ್ ಎಂದು ಕೆಲವರೂ ಅಂದಾಜು ಮಾಡಿದ್ದಾರೆ. ಕಡಮೆಯ ಲೆಕ್ಕವನ್ನು ಹಿಡಿದರೂ ಅದು 60 ಕೋಟಿ ಲೀಟರನ್ನು ಮೀರುತ್ತದೆ. ಸೌದಿ ಅರೇಬಿಯದ ದಡ 600 ಕಿಲೋಮೀಟರಿಗೂ ಹೆಚ್ಚು ದೂರ ಕಪ್ಪಾಯಿತು. 30,000ಕ್ಕೂ ಮಿಕ್ಕು ಹಕ್ಕಿಗಳು ಸತ್ತವು. ಏಡಿಗಳು ಕೊರೆದ ಬಿಲಗಳಲ್ಲಿ ಎಣ್ಣೆ ಇಳಿದು ಜವುಗು ನೆಲದ ಒಳಕ್ಕೆ ಸೇರಿತು. ಹತ್ತು ವರ್ಷ ಕಳೆದ ಮೇಲೂ ಅಲ್ಲಿ ಅಗೆದವರಿಗೆ ಎಣ್ಣೆಯ ಜಿಗಟು ಕೈಗೆ ಹತ್ತುತ್ತಿತ್ತು.

ಆ ದುರಂತದಲ್ಲಿ ಎಲ್ಲಕ್ಕಿಂತ ಮೊದಲು ಯಾವುದನ್ನು ಕಾಪಾಡಲು ಓಡಿದರು ಎಂಬುದು ವಿಚಾರ ಮಾಡತಕ್ಕ ಸಂಗತಿ. ಜುಬೈಲ್ ಎಂಬ ಊರಿನಲ್ಲಿ ಕಡಲ ನೀರನ್ನು ಸಿಹಿಯಾಗಿಸುವ ಬೃಹತ್ ಸ್ಥಾವರವಿತ್ತು. 400 ಕಿಲೋಮೀಟರಿಗೂ ದೂರದ ರಾಜಧಾನಿ ರಿಯಾದಿಗೆ ಅಲ್ಲಿಂದಲೇ ಕೊಳವೆಗಳಲ್ಲಿ ಕುಡಿಯುವ ನೀರು ಹೋಗುತ್ತಿತ್ತು. ಎಣ್ಣೆ ಸ್ಥಾವರದೊಳಕ್ಕೆ ನುಗ್ಗದಂತೆ ನೀರಿನ ಮೇಲೆ ತೇಲುವ ಬೇಲಿಗಳನ್ನು ಕಟ್ಟಿ ಹಗಲಿರುಳು ಕಾದರು. ಸ್ಥಾವರ ಉಳಿಯಿತು. ಈ ಕೊಲ್ಲಿ ಎಣ್ಣೆಹಡಗಿನ ಹೆದ್ದಾರಿ ಮಾತ್ರವಲ್ಲ, ಕೋಟ್ಯಂತರ ಜನರ ಕುಡಿಯುವ ನೀರಿನ ಬಾವಿಯೂ ಹೌದೆಂಬುದು ಅಂದು ಲೋಕಕ್ಕೆ ಗೊತ್ತಾಯಿತು. ತಮ್ಮ ಬಾವಿಗೆ ಶತ್ರುವು ಎಣ್ಣೆ ಸುರಿದಾಗ ಜನರು ಕೆರಳಿದರು, ಅದು ಸಹಜ. ಅದೇ ಬಾವಿಗೆ ತಾವೇ ದಿನದಿನವೂ ಏನೇನು ಸುರಿಯುತ್ತಿದ್ದೇವೆ ಎಂಬುದನ್ನು ಮಾತ್ರ ಅಷ್ಟೇ ಕಳವಳದಿಂದ ಯಾರೂ ಲೆಕ್ಕ ಹಾಕಲಿಲ್ಲ. ಯುದ್ಧ ಎರಡು ಬಾರಿ ಬಂತು, ಹೋಯಿತು; ಈ ಸುರಿತಕ್ಕೆ ಕದನವಿರಾಮವಿಲ್ಲ.

ಕಡಲ ನೀರನ್ನು ಸಿಹಿಯಾಗಿಸುವ ವಿಧಾನ ಮುಖ್ಯವಾಗಿ ಎರಡು ಬಗೆಯದು. ಅನ್ನ ಬೇಯುವಾಗ ತಪ್ಪಲೆಯ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟುವ ನೀರನ್ನು ಎಲ್ಲರೂ ಕಂಡಿದ್ದಾರೆ. ಆ ಹನಿಯಲ್ಲಿ ಉಪ್ಪಿಲ್ಲ. ಕಡಲ ನೀರನ್ನು ಹೀಗೆಯೇ ಕಾಯಿಸಿ, ಆವಿಯನ್ನು ತಣಿಸಿ ಹಿಡಿಯುವುದು ಹಳೆಯ ಬಗೆ. ಅತಿ ಸಣ್ಣ ರಂಧ್ರಗಳುಳ್ಳ ಪೊರೆಯ ಮೂಲಕ ನೀರನ್ನು ಭಾರೀ ಒತ್ತಡದಿಂದ ತೂರಿಸಿ ಉಪ್ಪನ್ನು ಹಿಂದೆ ಉಳಿಸುವುದು ಹೊಸ ಬಗೆ. ಒಂದು ಕಾಲಕ್ಕೆ ಕುವೈತಿನವರು ಷತ್ ಅಲ್ ಅರಬ್ ನದಿಯಿಂದ ದೋಣಿಗಳಲ್ಲಿ ಕುಡಿಯುವ ನೀರು ತರಿಸಿಕೊಳ್ಳುತ್ತಿದ್ದರು. 1950ರ ದಶಕದ ಆರಂಭದಲ್ಲಿ ಅಲ್ಲಿ ಬಟ್ಟಿ ಇಳಿಸುವ ಸ್ಥಾವರಗಳು ಬಂದವು. ಇಂದು ಕುವೈತಿನ ಕುಡಿಯುವ ನೀರಿನಲ್ಲಿ ಸುಮಾರು ಶೇಕಡ 90 ಭಾಗ ಕಡಲಿನದು. ಕತಾರಿನಲ್ಲಿ ಬಹುಮಟ್ಟಿಗೆ ಪೂರ್ತಿ ಅದೇ. 1970ರ ದಶಕದಿಂದೀಚೆಗೆ ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯಿಂದ ದುಡಿಮೆಗಾಗಿ ಹೋದ ಗಾರೆಯವರು, ಚಾಲಕರು, ದಾದಿಯರು, ಗುಮಾಸ್ತರು ಅಲ್ಲಿ ಬಾಯಾರಿದಾಗ ಕುಡಿದಿರುವುದು ಈ ನೀರನ್ನೇ.

ಉಪ್ಪನ್ನು ಬೇರ್ಪಡಿಸಿದರೆ ಆ ಉಪ್ಪು ಎಲ್ಲಿಗೆ ಹೋಗಬೇಕು? ಅದು ಕಡು ಉಪ್ಪುನೀರಾಗಿ ಮರಳಿ ಕಡಲಿಗೇ ಹೋಗುತ್ತದೆ. ವಿಶ್ವಸಂಸ್ಥೆಯ ವಿಶ್ವವಿದ್ಯಾನಿಲಯದ ಕೆನಡಾ ಶಾಖೆಯವರು 2019ರ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನ ಸುಮಾರು 16,000 ಸ್ಥಾವರಗಳು ದಿನಕ್ಕೆ 9.5 ಕೋಟಿ ಘನ ಮೀಟರ್ ಸಿಹಿನೀರನ್ನು ತಯಾರಿಸಿ 14.2 ಕೋಟಿ ಘನ ಮೀಟರ್ ಕಡು ಉಪ್ಪುನೀರನ್ನು ಹೊರಬಿಡುತ್ತಿದ್ದವು. ಒಂದು ಕೊಡ ಸಿಹಿನೀರಿಗೆ ಒಂದೂವರೆ ಕೊಡ ಉಪ್ಪುನೀರು ಎಂದಾಯಿತು. ಅದರಲ್ಲಿ ಶೇಕಡ 55 ಭಾಗ ಸೌದಿ ಅರೇಬಿಯ, ಸಂಯುಕ್ತ ಅರಬ್ ಸಂಸ್ಥಾನ, ಕುವೈತ್, ಕತಾರ್ ಈ ನಾಲ್ಕೇ ದೇಶಗಳದು. ಸೌದಿಯ ಒಂದು ಪಾಲು ಕೆಂಪು ಸಮುದ್ರಕ್ಕೆ ಹೋಗುವುದಾದರೂ ಉಳಿದುದರ ಬಹುಭಾಗ ಈ ತಟ್ಟೆಯೊಳಕ್ಕೇ ಬೀಳುತ್ತದೆ. ಅದು ಬರಿಯ ಉಪ್ಪಿನ ನೀರೂ ಅಲ್ಲ. ಕಾಯಿಸುವ ಸ್ಥಾವರದಿಂದ ಬಂದರೆ ಬಿಸಿಯಾಗಿರುತ್ತದೆ. ಕೊಳವೆಗಳಲ್ಲಿ ಪಾಚಿ, ಚಿಪ್ಪು ಬೆಳೆಯದಿರಲೆಂದು ಹಾಕಿದ ಕ್ಲೋರಿನ್, ಕರಣೆ ಕಟ್ಟದಿರಲೆಂದು ಬೆರೆಸಿದ ರಾಸಾಯನಿಕಗಳು, ಸವೆದ ಕೊಳವೆಗಳ ತಾಮ್ರ, ಇವೂ ಅದರೊಂದಿಗೆ ಸೇರುತ್ತವೆ.

ಇಲ್ಲಿ ಒಂದು ಆಕ್ಷೇಪವನ್ನು ನ್ಯಾಯವಾಗಿ ಪರಿಶೀಲಿಸಬೇಕು. ಸೂರ್ಯನು ಪ್ರತಿವರ್ಷ ಈ ಕೊಲ್ಲಿಯಿಂದ ಹೀರುವ ನೀರಿನ ಮುಂದೆ ಸ್ಥಾವರಗಳು ತೆಗೆಯುವ ನೀರು ಅತ್ಯಲ್ಪ. ಆದುದರಿಂದ ಇಡೀ ಕೊಲ್ಲಿಯ ಉಪ್ಪು ಅವುಗಳಿಂದ ಹೆಚ್ಚೇನೂ ಏರದು ಎಂದು ಸ್ಥಾವರಗಳ ಪರವಾಗಿ ವಾದಿಸುವವರು ಹೇಳುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ಸರಾಸರಿಯ ಲೆಕ್ಕದಲ್ಲಿ ನಿಜವಾದುದು ದಡದಲ್ಲಿ ನಿಜವಾಗಬೇಕೆಂದಿಲ್ಲ. ಕಡು ಉಪ್ಪುನೀರು ಭಾರವಾದುದು. ಸರಿಯಾಗಿ ಬೆರೆಯದಿದ್ದರೆ ಅದು ತಳಕ್ಕಿಳಿದು ನೆಲವನ್ನು ಹಿಡಿದು ತೆವಳುತ್ತದೆ. ಕಡಲ ಹುಲ್ಲಿನ ಬೇರು, ಚಿಪ್ಪಿನ ಮರಿ, ಸಿಗಡಿಯ ತೊಟ್ಟಿಲು ಇರುವುದು ಆ ನೆಲದಲ್ಲಿಯೇ. ಊರಿನ ಸರಾಸರಿ ಆಸ್ತಿಯ ಲೆಕ್ಕವನ್ನು ಓದಿ ಹೇಳಿದರೆ ಹಸಿದವನ ಹೊಟ್ಟೆ ತುಂಬುವುದಿಲ್ಲ. ಮೊದಲೇ ಸಹನೆಯ ಎಲ್ಲೆಯಲ್ಲಿ ನಿಂತಿರುವ ಜೀವಿಗೆ ಎರಡು ಡಿಗ್ರಿ ಬಿಸಿ, ನಾಲ್ಕು ಗ್ರಾಂ ಉಪ್ಪು ಸಣ್ಣ ಹೊರೆಯಲ್ಲ.

ಕಡಲಿಗೆ ಕೊಟ್ಟುದು ಒಮ್ಮೆ ನಲ್ಲಿಯವರೆಗೂ ಹಿಂದಿರುಗಿತು. 2008ರ ಕೊನೆಯ ತಿಂಗಳುಗಳಲ್ಲಿ ಓಮಾನ್ ಕೊಲ್ಲಿಯಲ್ಲೂ ಪರ್ಷಿಯಾ ಕೊಲ್ಲಿಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯೊಂದು ಮಿತಿಮೀರಿ ಬೆಳೆದು ನೀರನ್ನು ಕೆಂಗಂದು ಬಣ್ಣಕ್ಕೆ ತಿರುಗಿಸಿತು. ಇದಕ್ಕೆ 'ಕೆಂಪು ಉಬ್ಬರ' ಎನ್ನುವರು. ನಗರಗಳ ಕೊಳಚೆಯಿಂದ ಕಡಲಿಗೆ ಸೇರುವ ಪೋಷಕಾಂಶಗಳು ಇಂಥ ಬೆಳೆಗೆ ಗೊಬ್ಬರವಾಗುತ್ತವೆ. ಸುಮಾರು ಎಂಟು ತಿಂಗಳು ಅದು ಹೋಗಲಿಲ್ಲ. 1200 ಕಿಲೋಮೀಟರಿಗೂ ಹೆಚ್ಚು ದಡವನ್ನು ಆವರಿಸಿತು. ಮೀನುಗಳು ರಾಶಿರಾಶಿಯಾಗಿ ಸತ್ತವು, ಹವಳಗಳು ಹಾಳಾದವು. ಸಂಯುಕ್ತ ಅರಬ್ ಸಂಸ್ಥಾನದಲ್ಲೂ ಓಮಾನಿನಲ್ಲೂ ಸಿಹಿನೀರಿನ ಸ್ಥಾವರಗಳ ಪೊರೆಗಳು ಲೋಳೆಗಟ್ಟಿ, ಕೆಲವನ್ನು ನಿಲ್ಲಿಸಬೇಕಾಯಿತು. 1991ರಲ್ಲಿ ತೇಲುವ ಬೇಲಿ ಕಟ್ಟಿ ಶತ್ರುವಿನ ಎಣ್ಣೆಯನ್ನು ತಡೆದವರಿಗೆ, ನೀರಿನಲ್ಲೇ ಹುಟ್ಟಿ ನೀರೆಲ್ಲ ತುಂಬಿದ ಈ ಶತ್ರುವಿಗೆ ಎಲ್ಲಿ ಬೇಲಿ ಹಾಕಬೇಕೆಂದು ತಿಳಿಯಲಿಲ್ಲ.

ಕುವೈತಿಗೆ ಅದಕ್ಕೂ ಮೊದಲೇ ಎಚ್ಚರಿಕೆ ದೊರೆತಿತ್ತು. 2001ರ ಬೇಸಗೆಯ ಕೊನೆಯಲ್ಲಿ ಕುವೈತ್ ಕೊಲ್ಲಿಯಲ್ಲಿ ಬ್ಯಾಕ್ಟೀರಿಯಾದ ಸೋಂಕಿನಿಂದ 2500 ಟನ್ನಿಗೂ ಹೆಚ್ಚು ಮೀನು ಸತ್ತು ತೇಲಿತು. ಆದರೂ 2009ರಲ್ಲಿ ಮಿಷ್ರಿಫ್ ಎಂಬಲ್ಲಿಯ ಕೊಳಚೆನೀರಿನ ಪಂಪುಮನೆ ಕೆಟ್ಟುನಿಂತಾಗ ಶುದ್ಧಿ ಮಾಡದ ಕೊಳಚೆ ಬಹುಕಾಲ ಕಡಲಿಗೇ ಹರಿಯಿತು. ಆಕಾಶಕ್ಕೆ ಮುಟ್ಟುವ ಗೋಪುರಗಳನ್ನು ಕಟ್ಟಬಲ್ಲ ಸಿರಿವಂತ ನಾಡಿಗೆ ಮೋರಿಯೊಂದನ್ನು ಬೇಗನೆ ಸರಿಪಡಿಸಲಾಗಲಿಲ್ಲವೆಂದರೆ ಕೊರತೆಯಿದ್ದುದು ಹಣಕ್ಕಲ್ಲ.

ದುಬೈಯಲ್ಲಿ 2001ರಿಂದ ತಾಳೆಮರದ ಆಕಾರದಲ್ಲಿ ಒಂದು ದ್ವೀಪವನ್ನು ಕಡಲಿನಲ್ಲಿ ಕಟ್ಟಿದರು. ಅದಕ್ಕಾಗಿ ಸುಮಾರು 9.4 ಕೋಟಿ ಘನ ಮೀಟರ್ ಮರಳನ್ನು ಕಡಲ ತಳದಿಂದ ಬಾಚಿ ಸುರಿದರು. ಮನೆಯ ಮುಂದೆಯೇ ಮರಳುಗಾಡಿದ್ದರೂ ಅಲ್ಲಿಯ ಮರಳು ಗಾಳಿಗೆ ಸವೆದು ನುಣುಪಾಗಿರುವುದರಿಂದ ಅದು ಈ ಕೆಲಸಕ್ಕೆ ಬಾರದಂತೆ! ಅಲೆ ತಡೆಯಲು ಸುತ್ತ ಕಟ್ಟಿದ ಕಲ್ಲಿನ ಕಟ್ಟೆಯಿಂದ ಒಳಗಿನ ನೀರು ಆಡದೆ ನಿಂತು ಕೆಡುವ ಹೆದರಿಕೆ ಉಂಟಾದಾಗ ಕಟ್ಟೆಯಲ್ಲಿ ಎರಡು ಕಡೆ ಕಂಡಿ ಬಿಡಬೇಕಾಯಿತು. ನೀರಿನ ಓಟಕ್ಕೆ ಹಾದಿ ಬೇಕೆಂಬ ಸಂಗತಿಯನ್ನು ಅಲ್ಲಿ ಮುಳುಗುತ್ತಿದ್ದ ಮುತ್ತಿನವರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು. ಬಹರೇನಿನ ತುಬ್ಲಿ ಎಂಬ ಒಳಕೊಲ್ಲಿಯಂತೂ ಮಣ್ಣು ತುಂಬಿಸುವವರ ಕೈಗೆ ಸಿಕ್ಕಿ ಅರ್ಧದಷ್ಟು ಕುಗ್ಗಿಹೋಗಿದೆ.

ಉತ್ತರದಿಂದ ಬರುತ್ತಿದ್ದ ನದಿಯ ನೀರೂ ಮೇಲಿನ ದೇಶಗಳ ಅಣೆಕಟ್ಟುಗಳಿಂದ ಇಳಿದುಹೋಗಿದೆ. ನದಿ ಸೊರಗಿದರೆ ಕಡಲು ಮೇಲೇರಿ ಬರುತ್ತದೆ. 2018ರಲ್ಲಿ ಬಸರಾ ನಗರದಲ್ಲಿ ಉಪ್ಪೇರಿದ, ಕೊಳೆತ ನೀರಿನಿಂದ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದವರು 1,18,000ಕ್ಕೂ ಹೆಚ್ಚು ಮಂದಿ. ಮುತ್ತಿಗೆ ತನ್ನ ಹೆಸರು ಕೊಟ್ಟ ಊರಿನ ಗತಿ ಇದು. ಮೇಲಾಗಿ ಭೂಮಿಯೇ ಬಿಸಿಯಾಗುತ್ತಿದೆ. 2017ರ ಬೇಸಗೆಯಲ್ಲಿ ಕೊಲ್ಲಿಯ ದಕ್ಷಿಣ ಭಾಗದಲ್ಲಿ, ಬಿಸಿಗೆ ಅಂಜದ ಆ ಹವಳಗಳಲ್ಲಿ ಮೂರನೇ ಎರಡು ಭಾಗ ಸತ್ತವು. ಹೊರಗಿನ ಬಿಸಿಯನ್ನು ಈ ದೇಶಗಳು ತಾವಷ್ಟೇ ತಡೆಯಲಾರವು. ದಡದ ಕೊಳೆಯನ್ನು ತಡೆಯಬಲ್ಲವು. ಜ್ವರದಿಂದ ಮಲಗಿದವನ ಎದೆಯ ಮೇಲೆ ಕಲ್ಲು ಹೇರದಿರುವುದು ಮನೆಯವರ ಕೈಯಲ್ಲಿದೆಯಲ್ಲವೆ?

ಹಾಗಾದರೆ ಜನರು ಬಾಯಾರಿ ಸಾಯಬೇಕೆ ಎಂದು ಕೇಳಬಹುದು. ಎಂದಿಗೂ ಇಲ್ಲ. ಮರಳುಗಾಡಿನಲ್ಲಿ ಕಡಲ ನೀರನ್ನು ಸಿಹಿಯಾಗಿಸುವುದು ಮನುಷ್ಯನ ಬುದ್ಧಿಯ ದೊಡ್ಡ ಗೆಲುವು; ಅದನ್ನು ಹಳಿಯುವುದು ಕೃತಘ್ನತೆಯಾದೀತು. ತಕರಾರು ಇರುವುದು ಬೆಲೆಯ ವಿಷಯದಲ್ಲಿ. ಈ ದೇಶಗಳಲ್ಲಿ ಒಬ್ಬೊಬ್ಬರು ಬಳಸುವ ನೀರು ಜಗತ್ತಿನಲ್ಲೇ ಅತಿ ಹೆಚ್ಚಿನ ಮಟ್ಟದ್ದು. ತಯಾರಿಕೆಗೆ ತಗಲುವ ವೆಚ್ಚಕ್ಕಿಂತ ಬಹಳ ಕಡಮೆ ಬೆಲೆಗೆ ಸರಕಾರಗಳು ಅದನ್ನು ಕೊಡುತ್ತ ಬಂದಿವೆ. ಅಗ್ಗವಾಗಿ ಬಂದುದು ಅಂಗಳದ ಹುಲ್ಲಿಗೂ ಕಾರು ತೊಳೆಯುವುದಕ್ಕೂ ಹರಿದುಹೋಗುತ್ತದೆ. ಉಳಿದ ಬೆಲೆಯನ್ನು ತೆರುವುದು ಕಡಲು. ಕಡು ಉಪ್ಪುನೀರನ್ನು ದಡದಿಂದ ದೂರ ಒಯ್ದು ಹಲವು ಬಾಯಿಗಳಿಂದ ಚಿಮ್ಮಿಸಿ ಬೆರೆಸುವ ಉಪಾಯಗಳಿವೆ. ರಾಸಾಯನಿಕಗಳನ್ನು ಕಡಮೆ ಮಾಡುವ ದಾರಿಗಳಿವೆ. ಬಳಸಿದ ನೀರನ್ನೇ ಶುದ್ಧಿ ಮಾಡಿ ಮತ್ತೆ ಬಳಸಿದರೆ ಕಡಲಿನಿಂದ ತೆಗೆಯುವುದೂ ಕಡಲಿಗೆ ಸುರಿಯುವುದೂ ಎರಡೂ ಇಳಿಯುತ್ತವೆ. ಇವೆಲ್ಲಕ್ಕೂ ಹಣ ಬೇಕು. ಅದು ಸಿಹಿನೀರಿನ ಬೆಲೆಯಲ್ಲೇ ಸೇರಬೇಕು. ಉಂಡ ಮನೆಗೆ ಎರಡು ಬಗೆಯುವುದನ್ನು ಅಗ್ಗದ ನೀರು ಎಂದು ಕರೆಯಬಾರದು. ಬಡ ಕೂಲಿಯವನ ಕುಡಿಯುವ ನೀರಿಗೆ ಬೆಲೆ ಏರಿಸಬೇಕೆಂದು ಇದರ ಅರ್ಥವಲ್ಲ. ಈಜುಕೊಳದ ಯಜಮಾನನೂ ಕೂಲಿಯವನೂ ಒಂದೇ ದರ ಕೊಡಬೇಕೆಂದು ಎಲ್ಲಿಯೂ ಬರೆದಿಲ್ಲ.

ಒಂದು ಕಡಲಿಗೆ ಎಂಟು ಒಡೆಯರು. ಒಂದು ದಡದವರು ಇದನ್ನು ಪರ್ಷಿಯಾ ಕೊಲ್ಲಿ ಎಂದರೆ ಇನ್ನೊಂದು ದಡದವರು ಅರೇಬಿಯ ಕೊಲ್ಲಿ ಎನ್ನುತ್ತಾರೆ. ಹೆಸರಿಗಾಗಿ ನಡೆದಿರುವ ಜಗಳದ ಅರ್ಧದಷ್ಟು ಆಸಕ್ತಿ ಅದರ ಆರೋಗ್ಯಕ್ಕೆ ದೊರೆತಿದ್ದರೆ ಎಷ್ಟೋ ಕೆಲಸವಾಗುತ್ತಿತ್ತು. ಆದರೂ ಕೂಡಿ ಕುಳಿತ ಉದಾಹರಣೆ ಇಲ್ಲದಿಲ್ಲ. 1978ರಲ್ಲಿ ಈ ಎಂಟು ದೇಶಗಳೂ ಕುವೈತಿನಲ್ಲಿ ಸೇರಿ ಕಡಲ ರಕ್ಷಣೆಗೆ ಒಪ್ಪಂದ ಮಾಡಿಕೊಂಡವು; ಮರುವರ್ಷ ಅದಕ್ಕಾಗಿ ಒಂದು ಸಂಸ್ಥೆಯೂ ಹುಟ್ಟಿತು. ಎರಡೇ ವರ್ಷದಲ್ಲಿ ಇರಾನ್ ಮತ್ತು ಇರಾಕ್ ಕಾದಾಟಕ್ಕೆ ನಿಂತವು. ಹಿಂದೆ ಎಣ್ಣೆಹಡಗುಗಳು ಖಾಲಿ ತೊಟ್ಟಿಗಳಲ್ಲಿ ಭಾರಕ್ಕೆಂದು ನೀರು ತುಂಬಿಕೊಂಡು ಬಂದು, ಎಣ್ಣೆ ಬೆರೆತ ಆ ನೀರನ್ನು ಇಲ್ಲಿ ಚೆಲ್ಲಿ ಹೋಗುತ್ತಿದ್ದವು. 2008ರ ಆಗಸ್ಟ್ 1ರಿಂದ ಅಂತರರಾಷ್ಟ್ರೀಯ ನಿಯಮದಂತೆ ಈ ಕೊಲ್ಲಿ ವಿಶೇಷ ರಕ್ಷಣೆಯ ಜಲಪ್ರದೇಶವಾಯಿತು. ಹಾಗೆ ಚೆಲ್ಲುವುದು ಅಪರಾಧವಾಯಿತು. ಅಬುಧಾಬಿಯ ಪಶ್ಚಿಮಕ್ಕಿರುವ ಮರವ್ವಾ ದ್ವೀಪದ ಸುತ್ತಣ ಕಡಲನ್ನು 2001ರಲ್ಲಿ ರಕ್ಷಿತ ಪ್ರದೇಶವೆಂದು ಸಾರಿದರು; 2007ರಲ್ಲಿ ಯುನೆಸ್ಕೊ ಅದನ್ನು ಜೀವಗೋಳ ಮೀಸಲು ಪ್ರದೇಶಗಳ ಪಟ್ಟಿಗೆ ಸೇರಿಸಿತು. ಅಲ್ಲಿಯ ಹುಲ್ಲಿನ ಬಯಲಿನಲ್ಲಿ ಡ್ಯುಗಾಂಗುಗಳು ಮರಿಗಳೊಡನೆ ಮೇಯುತ್ತವೆ. ಕುವೈತಿನ ಸುಲೈಬಿಯಾ ಎಂಬಲ್ಲಿ ನಗರದ ಕೊಳಚೆನೀರನ್ನು ಪೊರೆಗಳಲ್ಲಿ ಸೋಸಿ ತಿಳಿಯಾಗಿಸುವ ದೊಡ್ಡ ಸ್ಥಾವರವೊಂದು 2000ರ ದಶಕದ ಮಧ್ಯದಲ್ಲಿ ಕೆಲಸ ಆರಂಭಿಸಿತು. ಹಿಂದೆ ಕಡಲಿಗೆ ಹೋಗುತ್ತಿದ್ದ ನೀರು ಅಲ್ಲಿಂದ ಮರಳುಗಾಡಿನ ಹೊಲಗಳಿಗೆ ಹೋಗುತ್ತಿದೆ.